ಮಾತಾಡಿದವರ ಮತ

ಯಂತ್ರಗಳ ಒಳಹೊರಗು ಬಲ್ಲವರು ಹೇಳಬೇಕಾದ ಕಥೆ ಇದು. ಅರ್ಧ ಕೇಳಿ, ಅರ್ಧ ಓದಿ ತಿಳಿದುಕೊಂಡದ್ದನ್ನು ಹೇಳಲು ಹೊರಟಿರುವುದಕ್ಕೆ ಓದುಗರು ಕ್ಷಮಿಸಬೇಕು. ತಪ್ಪು ಕಂಡಲ್ಲಿ ತಿದ್ದಿಕೊಳ್ಳಬೇಕು. ಹೇಳದೆ ಸುಮ್ಮನಿರುವುದಕ್ಕೂ ಹೆದರಿಕೆಯಾಯಿತು.

ನೂಲಾಪುರದ ಹನ್ನೊಂದನೆಯ ವಾರ್ಡಿನ ಸಮುದಾಯ ಭವನದಲ್ಲಿ ಕಸ್ತೂರೆವ್ವ ಗಾಜಿನ ಫಲಕದ ಮೇಲೆ ಅಂಗೈ ಇಟ್ಟಳು. ಫಲಕ ಬೆಚ್ಚಗಾಯಿತು. ಎದುರಿನ ಪರದೆಯಲ್ಲಿ ಪ್ರಶ್ನೆ ಮೂಡಿತು: 'ವಾರ್ಡಿನ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ, ಕಟ್ಟಡವನ್ನು ನೂಲಿನ ಗೋದಾಮಿಗೆ ಬಿಟ್ಟುಕೊಡಬಹುದೇ?' ಅವಳು 'ಬೇಡ' ಎಂಬುದನ್ನು ಒತ್ತಿದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಸುಲೋಚನಾಳಿಗೆ ಒಂಬತ್ತನೆಯ ತಿಂಗಳು ಹಿಡಿದಿತ್ತು. ಈ ಆಸ್ಪತ್ರೆ ಮುಚ್ಚಿದರೆ ಇನ್ನೊಂದು ಇದ್ದದ್ದು ಹದಿನೆಂಟು ಕಿಲೋಮೀಟರ್ ಆಚೆ, ತಾಲೂಕಿನಲ್ಲಿ.

ಆ ಯಂತ್ರದ ಹೆಸರು ಸ್ವಮತ ಶೋಧಕ. ಅದು ಮತಗಳನ್ನು ಎಣಿಸುತ್ತಿರಲಿಲ್ಲ, ತೂಗುತ್ತಿತ್ತು. ಓಣಿಯ ಮೂಲೆಮೂಲೆಗೆ ನಿಲ್ಲಿಸಿದ ಆಲಿಕೆಗಂಬಗಳು ಯಾರು ಯಾರೊಡನೆ ಯಾವ ವಿಷಯ ಮಾತಾಡಿದರು ಎಂಬುದನ್ನು ದಾಖಲಿಸುತ್ತಿದ್ದವು. ಮತ ಹಾಕುವಾಗ ಅಂಗೈಯ ನಾಡಿಮಿಡಿತವನ್ನು ಆ ದಾಖಲೆಯೊಂದಿಗೆ ಹೊಂದಿಸಿ, ಈ ಅಭಿಪ್ರಾಯದಲ್ಲಿ ಸ್ವಂತದ್ದೆಷ್ಟು, ಬೇರೆಯವರದೆಷ್ಟು ಎಂದು ಯಂತ್ರ ಲೆಕ್ಕ ಹಾಕುತ್ತಿತ್ತು. ಪೂರ್ತಿ ಸ್ವಂತದ್ದಾದರೆ ಮತದ ತೂಕ ಒಂದು. ಪೂರ್ತಿ ಬೇರೆಯವರದಾದರೆ ಸೊನ್ನೆ.

ಅದು ಕೆಟ್ಟ ಉದ್ದೇಶಕ್ಕೆ ಬಂದ ಯಂತ್ರವಲ್ಲ. ಮೊದಲ ಚುನಾವಣೆಯಲ್ಲಿ ವಿದ್ಯುತ್ ಮಗ್ಗಗಳ ಸಾವಕಾರ ತನ್ನ ಮುನ್ನೂರು ಕೆಲಸಗಾರರಿಗೆ ಇಂಥವರಿಗೇ ಒತ್ತಿರೆಂದು ಅಪ್ಪಣೆ ಕೊಟ್ಟಿದ್ದ. ಆ ಮುನ್ನೂರೂ ಸೊನ್ನೆಯಾದವು, ಸಾವಕಾರನ ಕಡೆಯವನು ಸೋತ. ಅವನ ಕಾರ್ಖಾನೆಯಲ್ಲೇ ನೂಲಿನ ಕಂಡಿಕೆ ಸುತ್ತುತ್ತಿದ್ದ ಕಸ್ತೂರೆವ್ವ ಅಂದು ಓಣಿಗೆಲ್ಲ ಪೇಢೆ ಹಂಚಿದ್ದಳು.

ಈ ಸಲದ ಫಲಿತಾಂಶ ಸಂಜೆಗೆ ಬಂತು. ಬೇಡ ಎಂದವರು ನಾನೂರ ಹನ್ನೆರಡು ಜನ; ಅವರ ಮತಗಳ ಒಟ್ಟು ತೂಕ ಒಂಬತ್ತು. ಮುಚ್ಚಬಹುದು ಎಂದವರು ಅರವತ್ತೊಂದು; ತೂಕ ಐವತ್ತೆಂಟು. ಅವರು ಹೊಸ ಬಡಾವಣೆಯವರು, ಯಾರ ಮನೆಯ ಕಟ್ಟೆಯ ಮೇಲೂ ಕುಳಿತವರಲ್ಲ.

ಮರುದಿನ ಕಸ್ತೂರೆವ್ವ ಯಂತ್ರ ರೂಪಿಸಿದ ವಿಜ್ಞಾನಿ ಡಾ. ಮಂಜರಿ ಇನಾಮದಾರರ ಕಚೇರಿಗೆ ಹೋದಳು.

"ಕುಂದರ್ರಿ," ಎಂದು ಮಂಜರಿ ಪರದೆಯನ್ನು ಅವಳತ್ತ ತಿರುಗಿಸಿದರು. ಹನ್ನೊಂದನೆಯ ವಾರ್ಡಿನ ನಕ್ಷೆಯಲ್ಲಿ ಒಂದೇ ಮನೆಯಿಂದ ನೂರಾರು ಗೆರೆಗಳು ಹೊರಟಿದ್ದವು. "ಈ ಮನಿ ನಿಮ್ಮದು. ಹೋದ ವಾರ ನೀವು ಮನಿಮನಿಗೆ ಹೋಗಿದ್ದಿರಿ, ಹೌದಲ್ರಿ?"

"ಹೋಗಿದ್ದೆರೀ. ಬಸುರಿ ಮಗಳಿಗೆ ಉಡಿ ತುಂಬೂ ಕುಬಸಕ್ಕ ಕರೀಲಿಕ್ಕ. ಕುಂಕುಮದ ಭರಣಿ ಹಿಡಕೊಂಡು ಹೊಸ್ತಿಲಾಗ ನಿಂತು ಕರೀಬೇಕಲ್ಲ? ಫೋನಿನ್ಯಾಗ ಕರದ್ರ ಯಾರ ಬರ್ತಾರ?"

"ಕರದು ಏನಂದ್ರಿ?"

"ಕುಬಸಕ್ಕ ಬರ್ರಿ ಅಂದೆ. ಹಂಗ, ನಮ್ಮ ದವಾಖಾನಿ ಮುಚ್ಚಗೊಡಬ್ಯಾಡ್ರೆವ್ವಾ, ನಾಳೆ ನಿಮ್ಮ ಸೊಸಿಗೂ ಬೇಕಾದೀತು ಅಂದೆ." ಕಸ್ತೂರೆವ್ವ ಮತ್ತೆ ನಕ್ಷೆಯ ಗೆರೆಗಳನ್ನು ನೋಡಿದಳು. "ಅದs ತಪ್ಪಾತೇನ್ರಿ?"

"ಸಾವಕಾರ ಹೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಯಂತ್ರಕ್ಕ ಫರಕ್ ಗೊತ್ತಾಗೂದಿಲ್ರೀ. ಅವರ ಅಭಿಪ್ರಾಯ ನಿಮ್ಮಿಂದ ಬಂತು. ಹಂಗಾಗಿ ಅದು ಅವರದಲ್ಲ."

"ಸೂಲಗಿತ್ತಿ ಕೈ ಹಚ್ಚಿದ್ಲು ಅಂತ ಕೂಸು ಹಡದಾಕೀದಲ್ಲಂತೀರೇನು?"

ಮಂಜರಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ ನಿಯಮವೊಂದನ್ನು ಹೇಳಿದರು. ಮೂವತ್ತು ದಿನಗಳ ನಂತರ ಮರುಮತ ಕೇಳಬಹುದು. ಅಷ್ಟರೊಳಗೆ ಪ್ರಭಾವ ಬೀರಿದವರೊಂದಿಗೆ ಯಾರೂ ಮಾತಾಡದಿದ್ದರೆ ಹಳೆಯ ಪ್ರಭಾವ ಅಳಿಯಿತೆಂದು ಯಂತ್ರ ತಿಳಿಯುತ್ತದೆ.

"ಬರೇ ದವಾಖಾನಿ ಮಾತು ಬಿಟ್ರ ಸಾಕೇನ್ರಿ?"

"ಯಾವ ಮಾತೂ ಬ್ಯಾಡ. ಊಟ ಆತೇನು ಅಂದ್ರೂ ಕಂಬ ಬರಕೊಳ್ತದ."

ಸುದ್ದಿ ಓಣಿಗೆ ತಲುಪಿತು. ಅಂದಿನಿಂದ ಕಸ್ತೂರೆವ್ವನನ್ನು ಯಾರೂ ಮಾತಾಡಿಸಲಿಲ್ಲ. ಸಿಟ್ಟಿನಿಂದಲ್ಲ, ಅವಳ ಒಳಿತಿಗಾಗಿಯೇ. ನಳದ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಅರ್ಧಕ್ಕೇ ಎತ್ತಿಕೊಂಡು ಸರಿಯುತ್ತಿದ್ದರು. ಪಕ್ಕದ ಮನೆಯ ಮೆಹಬೂಬಿ, ದಿನಕ್ಕೆ ಹತ್ತು ಸಲ ಗೋಡೆಯ ಮೇಲಿಂದ ಇಣುಕುತ್ತಿದ್ದವಳು, ಈಗ ಗೋಡೆಯ ಮೇಲೆ ಸಾರಿನ ಬಟ್ಟಲಿಟ್ಟು ಓಡುತ್ತಿದ್ದಳು. ಕುಬಸದ ದಿನ ನೂರೈವತ್ತು ಜನಕ್ಕೆ ಮಾಡಿದ ಅಡುಗೆಗೆ ಬಂದವರು ಯಾರೂ ಇಲ್ಲ. ಹೋಳಿಗೆಯ ಬುಟ್ಟಿಯನ್ನು ನೋಡಿ ಸುಲೋಚನಾ ಅತ್ತಳು.

"ಅಳಬ್ಯಾಡ, ಅವರೆಲ್ಲಾ ನಿನ್ನ ಸಲುವಾಗೇ ಬಂದಿಲ್ಲ," ಎಂದಳು ಕಸ್ತೂರೆವ್ವ. ಹೇಳಿದ ಮಾತು ತನಗೇ ವಿಚಿತ್ರವಾಗಿ ಕೇಳಿಸಿತು.

ಆಸ್ಪತ್ರೆಗೆ ಬೀಗ ಬಿದ್ದಿತು. ನರ್ಸಮ್ಮನಿಗೆ ವರ್ಗವಾಯಿತು. ದಿನ ಕಳೆದಂತೆ ಕಸ್ತೂರೆವ್ವನಿಗೆ ಕಂಬದ ಹೆದರಿಕೆ ಎಷ್ಟು ಹೊಕ್ಕಿತೆಂದರೆ, ಕೆಮ್ಮು ಬಂದರೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಇಪ್ಪತ್ತಾರನೆಯ ದಿನ, ಮಧ್ಯಾಹ್ನ, ಸುಲೋಚನಾ ಕಂಬಳಿಯ ಮೇಲೆ ಮಗ್ಗುಲಾಗಿ, "ಯವ್ವಾ, ನೀರು ಹೋದ್ವು," ಎಂದಳು. ಬಾಡಿಗೆ ಟಂಟಂ ರಿಕ್ಷಾಕ್ಕೆ ಫೋನು ಮಾಡಿದರೆ ಅತ್ತಲಿಂದ ಉತ್ತರವಿಲ್ಲ. ಟಂಟಂನವನೂ ಅದೇ ವಾರ್ಡಿನವನು. ಅವಳ ಹೆಸರು ನೋಡಿಯೇ ಎತ್ತಲಿಲ್ಲ.

ಕಸ್ತೂರೆವ್ವ ಬಾಗಿಲಿಗೆ ಬಂದಳು. ಎದುರಿಗೆ ಆಲಿಕೆಗಂಬ. ಕೂಗಲು ಬಾಯಿ ತೆರೆದವಳು ಸೆರಗು ಒತ್ತಿಕೊಂಡಳು. ಇನ್ನು ನಾಲ್ಕೇ ದಿನ. ಒಮ್ಮೆ ಕೂಗಿದರೆ ಓಗೊಟ್ಟವರೆಲ್ಲರ ಮತವೂ ಹೋಗುತ್ತದೆ. ಆಸ್ಪತ್ರೆಯ ಬೀಗ ತೆಗೆಯುವುದಿಲ್ಲ. ಇವಳ ನಂತರ ಹೆರುವವರ ಗತಿಯೇನು? ಒಳಗಿನಿಂದ ಮಗಳು ಚೀರಿದಳು.

"ಮೆಹಬೂಬೀ! ಯಾರರೆ ಬರ್ರೆವ್ವೋ!"

ಓಣಿ ಒಂದು ಕ್ಷಣ ಹಾಗೇ ಇತ್ತು. ಆ ಒಂದು ಕ್ಷಣವೇ ತನ್ನ ಜೀವಮಾನದ ದೊಡ್ಡ ಭಯವೆಂದು ಅವಳು ಆಮೇಲೆ ಹೇಳುತ್ತಿದ್ದಳು. ನಂತರ ಮೆಹಬೂಬಿಯ ಬಾಗಿಲು ಧಡ್ಡನೆ ತೆರೆಯಿತು.

"ಇಷ್ಟೊತ್ತು ಯಾಕ ಕರೀಲಿಲ್ಲ ಹುಚ್ಚಿ? ನಾ ಬಾಗಿಲ ಹಿಂದs ನಿಂತೀನಿ!" ಎಂದು ಬೈಯುತ್ತಲೇ ಅವಳು ಒಳನುಗ್ಗಿದಳು. ಹಿಂದೆಯೇ ಇನ್ನೊಂದು ಬಾಗಿಲು, ಮತ್ತೊಂದು. ಬಿಸಿನೀರು ಎಂದರು, ಹಳೆ ಸೀರೆ ಎಂದರು, ಟಂಟಂನವನನ್ನು ಕರೀರಿ ಎಂದರು. ಇಪ್ಪತ್ತಾರು ದಿನ ನುಂಗಿದ್ದ ಮಾತೆಲ್ಲ ಒಮ್ಮೆಗೇ ಹೊರಬಿತ್ತು. ತಾಲೂಕಿಗೆ ಮೂರು ಕಿಲೋಮೀಟರ್ ಉಳಿದಿರುವಾಗ ಟಂಟಂನಲ್ಲಿಯೇ ಕೂಸು ಹುಟ್ಟಿತು. ಹೆಣ್ಣು. ಮೊದಲು ಅಳಲಿಲ್ಲ, ಮೆಹಬೂಬಿ ಬೆನ್ನು ತಿಕ್ಕಿದ ಮೇಲೆ ಅತ್ತಿತು.

ಮರುಮತಕ್ಕೆಂದು ಯಂತ್ರ ದಿನದಿನವೂ ಅಂದಾಜಿಸುತ್ತಿದ್ದ ಓಣಿಯವರ ಮತಗಳ ತೂಕ ಆ ಮಧ್ಯಾಹ್ನ ನಾಲ್ಕು ನಿಮಿಷದಲ್ಲಿ ಸೊನ್ನೆಗಿಳಿಯಿತಂತೆ. ಯಂತ್ರ ಕೆಟ್ಟಿತೆಂದು ಮಂಜರಿ ಎರಡು ಸಲ ಪರೀಕ್ಷಿಸಿದರು. ಕೆಟ್ಟಿರಲಿಲ್ಲ. ಮರುಮತ ರದ್ದಾಯಿತು. ಆಸ್ಪತ್ರೆಯಲ್ಲಿ ಈಗ ನೂಲಿನ ಮೂಟೆಗಳಿವೆ, ಮತ್ತು ಆ ಓಣಿಯಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ.

ಬಾಗಿಲು ತೆರೆದವರು ಆ ಗಳಿಗೆಯಲ್ಲಿ ಮತವನ್ನು ಮರೆತಿದ್ದರೋ, ನೆನಪಿದ್ದೂ ತೆರೆದರೋ, ಯಾರೂ ಅವರನ್ನು ಕೇಳಲಿಲ್ಲ. ಕಂಬಗಳ ದಾಖಲೆಯಲ್ಲಿಯೂ ಅದಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.