ಪ್ಲಾನಿಂಗ್ ಆಫೀಸರ್ ಜೀವಂತ ಬೇಕು!

ಮೂಗಿನೊಳಗೆ ತುಂಗಭದ್ರೆ!

ಯರ್ರೆಪ್ಪನ ಕೈ ನನ್ನ ಕತ್ತಿನ ಮೇಲಿತ್ತು. ಕತ್ತು ನೀರಿನೊಳಗಿತ್ತು. ಕಣ್ಣ ಮುಂದೆ ಮರಳು, ಪಾಚಿ, ಯಾರದೋ ಹರಿದ ಚಪ್ಪಲಿ... ಉಸಿರು ಮುಗಿಯುತ್ತಾ ಬಂತು.

ಕೂದಲು ಹಿಡಿದು ಮೇಲೆತ್ತಿದ.

"ಇನ್ನೊಮ್ಮಿ ಕೇಳ್ತೀನಿ ದುರ್ಗಕ್ಕ. ಒಬ್ಬಾಕಿನ ಬಂದೀಯೋ, ಹಿಂದ ಯಾರರ ಅದಾರೋ?"

"ಪೊಲೀಸ್ ವ್ಯಾನ್ ಬರಾಕತ್ತೈತಿ," ಅಂದೆ.

"ಸುಳ್ಳು!"

ಸುಳ್ಳೇ. ಅವನಿಗೂ ಗೊತ್ತು, ನನಗೂ ಗೊತ್ತು. ಮತ್ತೆ ಮುಳುಗಿಸಿದ.

ಈ ಸಲ ಕೈಗೆ ಮರಳು ಸಿಕ್ಕಿತು. ಮುಷ್ಟಿ ತುಂಬ ಬಾಚಿಕೊಂಡೆ. ಅವನು ಎತ್ತಿದ ಕೂಡಲೇ ಕಣ್ಣಿಗೆ ಎರಚಿದೆ. ಅವ್ವಾ ಅಂತ ಕೂಗಿದ. ಮೊಣಕಾಲಿಗೆ ಒಂದು ಒದ್ದೆ. ಕುಸಿದ. ತಲೆಗೆ ಇನ್ನೊಂದು... ಅದು ಸ್ವಲ್ಪ ಜೋರಾಗಿಯೇ ಬಿತ್ತು ಅನ್ನಿ!

ದಡ ಹತ್ತಿ ಓಡಿದೆ. ಹಲವಾಗಲಿನ ಹೊಳೆದಂಡೆಯಲ್ಲಿ ಒಂದು ಪಂಪ್‌ಹೌಸ್. ಬಾಗಿಲಿಗೆ ಬೀಗ. ಕಲ್ಲು ತಗೊಂಡು ಜಜ್ಜಿದೆ.

ಒಳಗೆ ನೆಲದ ಮೇಲೆ ಕೂತಿದ್ದಳು ಸುಕನ್ಯಾ ಮೇಡಂ. ಕೈಗೆ ನೈಲಾನ್ ಹಗ್ಗ, ಬಾಯಿಗೆ ಅವಳದೇ ದುಪ್ಪಟ್ಟಾ. ಬಾಯಿ ಬಿಚ್ಚಿದ ಕೂಡಲೇ ಕೇಳಿದ ಮೊದಲ ಮಾತು ಏನು ಗೊತ್ತಾ?

"ಮೀಟಿಂಗ್ ಶುರುವಾತೇನ್ರಿ?"

ಇಂಥವಳನ್ನ ಹೊತ್ತುಕೊಂಡು ಹೋದರೆ ಸುಮ್ಮನಿರ್ತಾಳಾ!

ನಾನು ಯಾರು ಅಂತ ಹೇಳಲಿಲ್ಲ ಅಲ್ವಾ? ದುರ್ಗಾದೇವಿ. ಹಿಂದೆ ಪೊಲೀಸ್ ಕಾನ್‌ಸ್ಟೇಬಲ್. ಒಬ್ಬ ಸಾಹೇಬರ ಕೈ ನನ್ನ ಸೊಂಟದ ಮೇಲೆ ಬಿತ್ತು, ನನ್ನ ಕೈ ಅವರ ಕೆನ್ನೆ ಮೇಲೆ ಬಿತ್ತು. ಅವರಿಗೆ ಪ್ರಮೋಷನ್, ನನಗೆ ಮನೆ ದಾರಿ. ಈಗ ಕೊಟ್ಟೂರಿನಲ್ಲಿ ಸೆಕ್ಯುರಿಟಿ ಏಜೆನ್ಸಿ. ಕೂಡ್ಲಿಗಿಯ ಹೈವೇ ಪಕ್ಕ ನಮ್ಮದೊಂದು ಪುಟ್ಟ ಯೂನಿವರ್ಸಿಟಿ ಇದೆಯಲ್ಲ, ಅದರ ಗೇಟುಗಳಲ್ಲಿ ಯೂನಿಫಾರ್ಮ್ ಹಾಕಿ ನಿಲ್ಲೋ ಹೆಂಗಸರೆಲ್ಲ ನನ್ನವರು.

ಆ ಯೂನಿವರ್ಸಿಟಿ ಸಾಯುತ್ತಿತ್ತು.

ಸರ್ಕಾರ ಅನುದಾನ ನಿಲ್ಲಿಸಿತ್ತು. ಮೇಷ್ಟ್ರ ನೇಮಕಾತಿ ಬಂದ್. ಲ್ಯಾಬಿನಲ್ಲಿ ಬಲ್ಬ್ ಹೋದರೆ ಹಾಕೋಕೆ ಗತಿಯಿಲ್ಲ. ಅದರ ಮೇಲೆ ಬೆಂಗಳೂರಿನಿಂದ ಒಂದು ಆದೇಶ. ಸ್ವಂತ ಕಾಲ ಮೇಲೆ ಹೇಗೆ ನಿಲ್ಲುತ್ತೀರಿ ಅಂತ ಸ್ಟ್ರಾಟೆಜಿಕ್ ಪ್ಲಾನ್ ಕೊಡಿ, ಇಲ್ಲವಾದರೆ ಬೀಗ! ಕಡೇ ದಿನ ಇವತ್ತು. ಮಧ್ಯಾಹ್ನ ಸಿಂಡಿಕೇಟ್ ಸಭೆ.

ಪ್ಲಾನ್ ಎರಡಿದ್ದವು. ಒಂದು ಹಾಲೇಶಪ್ಪನದು. ದೊಡ್ಡ ಟ್ರಸ್ಟಿನ ಯಜಮಾನ. ಹೈವೇ ಪಕ್ಕದ ಕ್ಯಾಂಪಸ್ಸನ್ನ ಅವನಿಗೆ ಲೀಸಿಗೆ ಕೊಡಬೇಕು, ಅವನು ಪ್ರೈವೇಟ್ ಕಾಲೇಜು ಕಟ್ಟುತ್ತಾನೆ. ಬಡವರ ಮಕ್ಕಳು ಗೇಟಿನ ಹೊರಗೆ ನಿಂತು ನೋಡಬಹುದು.

ಇನ್ನೊಂದು ಸುಕನ್ಯಾಳದು. ಅವಳು ಪ್ಲಾನಿಂಗ್ ಆಫೀಸರ್. ಹಡಗಲಿ ಪಿಜಿ ಸೆಂಟರ್ ಮುಚ್ಚು, ಹರಪನಹಳ್ಳಿ ಸೆಂಟರ್ ಮುಚ್ಚು, ಎಲ್ಲರನ್ನೂ ಕೂಡ್ಲಿಗಿಗೆ ತಂದು ಒಂದೇ ಕಡೆ ಉಳಿಸಿಕೋ. ಎರಡು ಕೈ ಕತ್ತರಿಸಿ ಜೀವ ಉಳಿಸೋ ಪ್ಲಾನ್.

ಬೆಳಗ್ಗೆ ವಿಸಿ ಗುರುಬಸವರಾಜ್ ಸಾಹೇಬರ ಫೋನ್ ಬಂತು.

"ದುರ್ಗಾದೇವಿಯವರ... ಸುಕನ್ಯಾ ಕಾಣವಲ್ಲಳ್ರಿ! ಹರಪನಹಳ್ಳಿ ಮನಿಯಿಂದ ಹೊರಬಿದ್ದಾಳಂತ, ಬಸ್‌ಸ್ಟ್ಯಾಂಡಿಗೆ ಬಂದಿಲ್ಲಂತ!"

"ಪೊಲೀಸರಿಗೆ ಹೇಳ್ರಿ ಸರ್."

"ಹೇಳಿದ್ರ ಗದ್ದಲ ಆಗತೈತಿ, ಸಭಿ ಮುಂದಕ್ಕ ಹೋಗತೈತಿ. ಮುಂದಕ್ಕ ಹೋದ್ರ ಬೀಗಾನ! ಆಕಿ ಪ್ಲಾನು ಆಕಿನ ಬಂದು ಹೇಳಬೇಕು. ಮೆಂಬರ್‌ಗಳು ಕೇಳೋ ಪ್ರಶ್ನಿಗೆ ನನಗ ಉತ್ತರ ಗೊತ್ತಿಲ್ರಿ..."

ಮನೆ ಎದುರಿನ ಹಾಲಿನ ಅಂಗಡಿಯವನು ಬಿಳಿ ಕಾರು ತೆಲಿಗಿ ಕಡೆ ಹೋಯಿತು ಅಂದ. ಆ ದಾರಿಯಲ್ಲಿ ಹಾಲೇಶಪ್ಪನಿಗೆ ಇರೋದು ಒಂದೇ ಜಾಗ. ಹಲವಾಗಲಿನ ಹೊಳೆದಂಡೆಯ ತೋಟ. ಅಲ್ಲಿ ಕಾವಲಿಗೆ ಅವನ ಬಂಟ ಯರ್ರೆಪ್ಪ. ಅಷ್ಟೇ, ಹೊರಟೆ. ಉಳಿದದ್ದು ನೀವು ಕೇಳಿದ್ದೀರಿ. ಮೂಗಿಗೆ ನೀರು.

"ಏಳ್ರಿ ಮೇಡಂ. ಓಡಾಕ ಬರತೈತಾ?"

"ಬರತೈತಿ."

ಬರುತ್ತಿರಲಿಲ್ಲ. ಕಾಲು ಜೋಮು ಹಿಡಿದಿತ್ತು. ಹೆಗಲಿಗೆ ಹಾಕಿಕೊಂಡು ಜೀಪಿಗೆ ಎಸೆದೆ. ಸ್ಟಾರ್ಟ್ ಮಾಡೋಷ್ಟರಲ್ಲಿ ಹಿಂದೆ ಕೂಗು. ತೋಟದ ಮನೆಯಿಂದ ಇನ್ನಿಬ್ಬರು ಹೊರಬಂದಿದ್ದರು. ಯರ್ರೆಪ್ಪನನ್ನ ಎಬ್ಬಿಸಿ ಬಿಳಿ ಕಾರಿಗೆ ಹತ್ತಿಸಿಕೊಂಡರು.

ಜೀಪು ಹಾರಿತು. ಕಾರು ಹಾರಿ ಬಂತು!

ನನ್ನದು ಹಳೇ ಜೀಪು. ಅವರದು ಹೊಸ ಕಾರು. ತೆಲಿಗಿ ದಾಟೋ ಹೊತ್ತಿಗೆ ಕನ್ನಡಿ ತುಂಬ ಅವರೇ. ಹಿಂದಿನಿಂದ ಒಂದು ಗುದ್ದು! ಸುಕನ್ಯಾಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು.

"ಗಟ್ಟಿ ಹಿಡ್ಕೋರಿ!"

"ಏನನ್ನ ಹಿಡ್ಕೊಳ್ಳಲಿ?"

ಅದೂ ನಿಜ. ಆ ಜೀಪಿನಲ್ಲಿ ಹಿಡಿದುಕೊಳ್ಳೋಕೆ ಏನೂ ಗಟ್ಟಿ ಇರಲಿಲ್ಲ.

ಮುಂದೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಎದುರಿಗೆ ಬಸ್ಸು. ಹಾರ್ನ್ ಕಿವಿ ಹರಿಯುತ್ತಿತ್ತು. ನಾನು ಆಕ್ಸಿಲರೇಟರ್ ಒತ್ತಿದೆ. ಸುಕನ್ಯಾ ಕಣ್ಣು ಮುಚ್ಚಿದಳು. ಬಸ್ಸಿನ ಮೂತಿ... ಡ್ರೈವರನ ಬಾಯಿ... ಕಾಳಿನ ಅಂಚು ತುಳಿದುಕೊಂಡು ಪಾರಾದೆ!

ಹಿಂದಿನವನು ಬ್ರೇಕ್ ಹಾಕಿದ. ಒಣಗಿದ ಕಾಳಿನ ಮೇಲೆ ಬ್ರೇಕ್!

ಕಾರು ಗಿರಗಿರ ತಿರುಗಿ ಗಟಾರಕ್ಕೆ ಇಳಿಯಿತು. ಜೋಳ ಕಾಯುತ್ತಿದ್ದ ಹೆಂಗಸು ಕಾಳು ಎಳೆದು ಹರಡೋ ಬೆಲಗ ಎತ್ತಿಕೊಂಡು ಆ ಕಡೆ ಓಡಿದಳು. ಮುಂದೆ ಅವರಿಗೆ ಏನಾಯಿತೋ... ಆದರೆ ಅವಳ ಬೈಗುಳ ಅರ್ಧ ಫರ್ಲಾಂಗ್ ಕೇಳಿಸಿತು.

ಹರಪನಹಳ್ಳಿ ದಾಟಿದ ಮೇಲೆ ಫೋನ್. ಹಾಲೇಶಪ್ಪ. ಸ್ಪೀಕರ್‌ಗೆ ಹಾಕಿದೆ.

"ದುರ್ಗವ್ವ, ಅರಾಮ ಅದೀಯಾ?"

"ಈಜು ಕಲ್ತೆ."

ನಕ್ಕ. "ಆಕಿ ಪ್ಲಾನ್‌ನಾಗ ಏನೈತಿ ಅಂತ ಕೇಳೀಯೇನು? ಮೊದಲ ಕಟ್ ಮಾಡಿರೋದು ನಿನ್ನ ಕಾಂಟ್ರಾಕ್ಟ್! ನಿನ್ನ ಹೆಣ್ಮಕ್ಕಳೆಲ್ಲ ಮನಿಗೆ. ನನ್ನ ಕಾಲೇಜಿಗೆ ಸೆಕ್ಯುರಿಟಿ ಬೇಕವ್ವ. ಜೀಪ್ ತಿರುಗಿಸು. ಅಷ್ಟ ಕೆಲಸ."

ಫೋನ್ ಕಟ್.

ಪಕ್ಕಕ್ಕೆ ತಿರುಗಿದೆ. ಸುಕನ್ಯಾ ಹಣೆಯ ರಕ್ತ ಒರೆಸಿಕೊಳ್ಳುತ್ತಿದ್ದಳು.

"ಖರೇನಾ ಮೇಡಂ?"

"ಖರೇ ಐತ್ರಿ." ತಲೆ ತಗ್ಗಿಸಲಿಲ್ಲ ಅವಳು. "ಮೇಷ್ಟ್ರನ್ನ ತಗೀಬೇಕು, ಇಲ್ಲಾ ಗಾರ್ಡ್‌ಗಳನ್ನ ತಗೀಬೇಕು. ನಾನು ಮೇಷ್ಟ್ರನ್ನ ಉಳಿಸಿದೆ."

ಜೀಪು ನಿಲ್ಲಿಸಿದೆ.

ಎರಡೂ ಕಡೆ ಖಾಲಿ ರಸ್ತೆ. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಮೈಯಿಂದ ಇನ್ನೂ ಹೊಳೆ ನೀರು ತೊಟ್ಟಿಕ್ಕುತ್ತಿತ್ತು. ಕೆಂಚಕ್ಕ ನೆನಪಾದಳು. ಮೇನ್ ಗೇಟಿನಲ್ಲಿ ನಿಲ್ಲೋಳು. ಅವಳ ಮಗಳು ಅದೇ ಕ್ಯಾಂಪಸ್ಸಿನಲ್ಲಿ ಎಂಎಸ್ಸಿ. ಗೇಟಿನಲ್ಲಿ ಅವ್ವ ಸಲ್ಯೂಟ್ ಹೊಡೆಯುತ್ತಾಳೆ, ಮಗಳು ನಾಚಿಕೊಂಡು ಒಳಗೆ ಓಡುತ್ತಾಳೆ. ಅವ್ವನ ಕೆಲಸ ಉಳಿಸಲಾ? ಮಗಳ ಕ್ಲಾಸು ಉಳಿಸಲಾ?

"ನಿಮಗ ಸಿಟ್ಟು ಬಂದಿದ್ರ ನಾ ಇಲ್ಲೇ ಇಳೀತೀನಿ," ಅಂದಳು ಸುಕನ್ಯಾ. "ಬಸ್ ಹಿಡೀತೀನಿ."

"ಸುಮ್ಮನ ಕೂಡ್ರಿ. ಬಸ್ಸು ಬರೋದು ಸಂಜಿಗೆ!"

ಗೇರ್ ಹಾಕಿದೆ. ತಿರುಗಿಸಲಿಲ್ಲ. ಯಾಕೆ ಅಂತ ಕೇಳಬೇಡಿ.

ಕೊಟ್ಟೂರು ಹತ್ತಿರ ರಸ್ತೆಗೆ ಅಡ್ಡಲಾಗಿ ಜನ ಕೂತಿದ್ದರು. ಹಡಗಲಿ ಸೆಂಟರಿನ ಸ್ಟೂಡೆಂಟ್ಸು. ಸಿಂಡಿಕೇಟ್ ಮೆಂಬರ್‌ಗಳ ಕಾರು ತಡೆಯೋಕೆ ಬಂದಿದ್ದರು. ಜೀಪಿನಲ್ಲಿ ಯಾರಿದ್ದಾರೆ ಅಂತ ಕಂಡ ಕೂಡಲೇ ಎದ್ದರು.

"ಆಕಿನ! ನಮ್ಮ ಸೆಂಟರ್ ಮುಚ್ಚಾಕಿ ಆಕಿನ!"

ಬಾನೆಟ್ ಮೇಲೆ ಗುದ್ದು. ನಾನು ಲಾಠಿಗೆ ಕೈ ಹಾಕಿದೆ. ಸುಕನ್ಯಾ ನನ್ನ ಕೈ ಹಿಡಿದಳು. ಬಾಗಿಲು ತೆಗೆದು ಕೆಳಗಿಳಿದೇ ಬಿಟ್ಟಳು!

ಮುಂದೆ ಬಂದವಳು ಅಂಜಿನಕ್ಕ. ಮೂವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ, ಕನ್ನಡ ಎಂಎ. ಹಡಗಲಿ ಗೇಟಿನಲ್ಲಿ ನೋಡಿದ್ದೆ. ಮಕ್ಕಳನ್ನ ಅತ್ತೆಯ ಹತ್ತಿರ ಬಿಟ್ಟು ಓಡೋಡಿ ಬರುತ್ತಿದ್ದಳು.

"ಮೇಡಂ, ಕೈಗೆ ಏನಾಗೈತ್ರಿ?"

ಹಗ್ಗದ ಗುರುತು ನೀಲಿಗಟ್ಟಿತ್ತು.

"ಕಟ್ಟಿದ್ರು."

"ಯಾರು? ಯಾಕ?"

"ಹಾಲೇಶಪ್ಪನ ಮಂದಿ. ನಿಮ್ಮ ಸೆಂಟರ್ ಮುಚ್ಚಬೇಕು ಅಂತ ಬರದೀನಲ್ಲ, ಅದನ್ನ ಸಭಿಯಾಗ ಹೇಳಬಾರ್ದು ಅಂತ."

ಅಂಜಿನಕ್ಕ ಗಲಿಬಿಲಿಯಾದಳು. "ಹಂಗಾರ ಅವರು ನಮ್ಮ ಕಡಿಯೋರೇನ್ರಿ?"

"ಅಲ್ಲವ್ವ. ಅವರು ಬಂದ್ರ ಕೂಡ್ಲಿಗಿನೂ ಇರಂಗಿಲ್ಲ. ನಿಮ್ಮ ಹಡಗಲಿಯಂತೂ ಇರಂಗಿಲ್ಲ. ಎರಡೂ ಉಳಿಸೋ ದಾರಿ ಹುಡುಕಿದೆ. ಖರೇ ಹೇಳ್ತೀನಿ, ಸಿಗಲಿಲ್ಲ."

"ಹಡಗಲಿಯಿಂದ ಕೂಡ್ಲಿಗಿಗೆ ನಾ ಹೆಂಗ ಬರಲ್ರಿ? ಮನಿಯಾಗ ಕಳಸ್ತಾರಾ?"

"ಬಸ್ ಹಾಕೀನಿ ಪ್ಲಾನ್‌ನಾಗ."

"ಬಸ್ ಬರತೈತಾ?"

ಸುಕನ್ಯಾ ಬಾಯಿ ತೆರೆದಳು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ!

"ಗೊತ್ತಿಲ್ಲವ್ವ. ಬಡದಾಡ್ತೀನಿ."

ಅಷ್ಟರಲ್ಲಿ ಹಿಂದೆ ಹಾರ್ನ್. ಮೂತಿ ನುಗ್ಗಾದ ಬಿಳಿ ಕಾರು! ಕಿಟಕಿಯಲ್ಲಿ ಯರ್ರೆಪ್ಪ. ಕಣ್ಣು ಕೆಂಡ. ಕೈಯಲ್ಲಿ ಮಚ್ಚು.

ಅಂಜಿನಕ್ಕ ಕಾರನ್ನ ನೋಡಿದಳು. ಸುಕನ್ಯಾಳ ಕೈ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನದೋ, ಸಂಕಟದ್ದೋ...

"ದಾರಿ ಬಿಡ್ರಲೇ," ಅಂದಳು ತನ್ನವರಿಗೆ.

ಜೀಪು ದಾಟಿತು. ಕನ್ನಡಿಯಲ್ಲಿ ನೋಡಿದೆ. ಎದ್ದವರೆಲ್ಲ ಮತ್ತೆ ರಸ್ತೆಗೆ ಕೂತರು. ಬಿಳಿ ಕಾರಿನ ಮುಂದೆ! ಯರ್ರೆಪ್ಪ ಇಳಿದ, ಮಚ್ಚು ಎತ್ತಿದ, ಕೂಗಿದ. ಅಂಜಿನಕ್ಕ ಸೆರಗು ಸಿಕ್ಕಿಸಿಕೊಂಡು ಚಕ್ಕಳಮಕ್ಕಳ ಹಾಕಿದಳು. ಎಷ್ಟು ಜನರನ್ನ ಕಡಿಯುತ್ತಾನೆ? ಮೊಬೈಲುಗಳೆಲ್ಲ ಮೇಲೆದ್ದವು. ಮಚ್ಚು ಕೆಳಗಿಳಿಯಿತು.

ತಮ್ಮ ಸೆಂಟರ್ ಮುಚ್ಚೋಳಿಗೇ ಕಾವಲು ಕೂತರು ನೋಡಿ. ಅಂಥದ್ದನ್ನ ನಾನು ಪೊಲೀಸ್ ಕೆಲಸದಲ್ಲೂ ಕಂಡಿಲ್ಲ.

ಸಭೆ ಶುರುವಾಗಿತ್ತು. ಬಾಗಿಲು ನೂಕಿ ಸುಕನ್ಯಾಳನ್ನ ಒಳಗೆ ಬಿಟ್ಟೆ. ಹಣೆಯಲ್ಲಿ ರಕ್ತ, ಕೆದರಿದ ಕೂದಲು. ವಿಸಿ ಸಾಹೇಬರು ಎದ್ದೇ ನಿಂತರು. ಹಾಲೇಶಪ್ಪನ ಕಡೆಯ ಮೆಂಬರ್‌ಗಳು ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಪ್ರಶ್ನೆ ಮೇಲೆ ಪ್ರಶ್ನೆ. ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಗಂಟಲು ಒಡೆದಿತ್ತು, ಆದರೂ ಕೊಟ್ಟಳು. ಕಡೆಗೆ ಕೈ ಎತ್ತಿಸಿದರು.

ಒಂದು ಕೈ ಹೆಚ್ಚಿಗೆ ಬಂತು. ಒಂದೇ ಒಂದು!

ಪ್ಲಾನ್ ಪಾಸ್. ಕ್ಯಾಂಪಸ್ ಉಳಿಯಿತು. ವಿಸಿ ಸಾಹೇಬರು ವರಾಂಡದಲ್ಲಿ ನಿಂತು ಅತ್ತರು. ಸುಕನ್ಯಾ ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು, ಅಷ್ಟೇ. ಹೊಳೆದಂಡೆಯ ವಿಷಯಕ್ಕೆ ಕಂಪ್ಲೇಂಟ್ ಕೊಟ್ಟಳು. ಯರ್ರೆಪ್ಪ ಒಳಗೆ ಹೋದ. ಹಾಲೇಶಪ್ಪ ಎದೆನೋವು ಅಂತ ಆಸ್ಪತ್ರೆ ಸೇರಿದ. ಅಂಥವರಿಗೆ ಅದು ಬೇಕಾದಾಗ ಬರುತ್ತೆ!

ಹೊಸ ಸೆಮಿಸ್ಟರ್ ಶುರುವಾದ ದಿನ ನಾನು ಹಡಗಲಿಗೆ ಹೋದೆ. ಸೆಂಟರಿನ ಗೇಟಿಗೆ ಬೀಗ ಹಾಕೋದು ನನ್ನ ಏಜೆನ್ಸಿಯ ಕಡೇ ಡ್ಯೂಟಿ. ಕೆಲಸ ಮುಗೀತು ಅಂತ ನನ್ನ ಗಾರ್ಡ್‌ಗಳಿಗೆ ಹಿಂದಿನ ದಿನವೇ ಹೇಳಿದ್ದೆ. ಕೆಂಚಕ್ಕ ಯೂನಿಫಾರ್ಮ್ ಒಗೆದು, ಮಡಚಿ ಕೊಟ್ಟೂರಿನ ಆಫೀಸಿಗೇ ತಂದುಕೊಟ್ಟಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಗೇಟಿನ ಮುಂದೆ ಬೇವಿನ ಗಿಡದ ಕೆಳಗೆ ಸ್ಟೂಡೆಂಟ್ಸು. ಮೂವತ್ತು ಜನ ಇರಬಹುದು. ಬ್ಯಾಗು, ಬುತ್ತಿ ಹಿಡಿದು ನಿಂತಿದ್ದರು. ಅಂಜಿನಕ್ಕ ಮುಂದೆ ಬಂದಳು.

"ಬಸ್ಸಿಗೆ ಬಡದಾಡ್ತೀನಿ ಅಂದಿದ್ರಲ್ಲಕ್ಕ ಮೇಡಂ."

ಸುಕನ್ಯಾಗೆ ಫೋನ್ ಹಚ್ಚಿದೆ.

"ಫೈಲ್ ಫೈನಾನ್ಸ್‌ನಾಗ ಕುಂತೈತ್ರಿ," ಅಂದಳು. ದನಿ ಸತ್ತಿತ್ತು. "ಅನುದಾನ ಬಂದ್ರ ನೋಡೋಣ ಅಂತ ಬರದಾರ. ನಾ ದಿನಾ ಹೋಗಿ ಕುಂದ್ರಾಕತ್ತೀನಿ ದುರ್ಗಕ್ಕ... ದಿನಾ..."

ಫೋನ್ ಇಟ್ಟೆ.

"ಇವತ್ತು ಕೂಡ್ಲಿಗಿಗೆ ಹೋಗಿ ಹೆಸರು ಹಚ್ಚದಿದ್ರ ಸೀಟ್ ಹೋಗತೈತಂತ," ಅಂದಳು ಅಂಜಿನಕ್ಕ. "ಅತ್ತಿಗೆ ಸುಳ್ಳು ಹೇಳಿ ಬಂದೀನಿ."

ಜೀಪಿನ ಹಿಂದಿನ ಬಾಗಿಲು ತೆಗೆದೆ. ತುರುಕಿದರೆ ಹತ್ತು ಜನ. ಉಸಿರು ಬಿಗಿಹಿಡಿದರೆ ಇನ್ನೊಬ್ಬಳು.

ಅಂಜಿನಕ್ಕ ಹತ್ತಿದಳು. ಅವಳ ಹಿಂದೆ ಹತ್ತಿದವರು ಹತ್ತಿದರು. ಉಳಿದವರು ಬುತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ನಾನು ಅವರ ಮುಖ ನೋಡಲಿಲ್ಲ. ಗೇರ್ ಹಾಕಿದೆ.

ಸ್ಟ್ರಾಟೆಜಿ ಅಂದ್ರೆ ಅಷ್ಟೇ ನೋಡಿ!