ಹೊಸ್ತಿಲ ಮೇಲಿನ ರುಮಾಲು

ಮಂಗಳವಾರ, 21 ಜನವರಿ 2003. ಮುದ್ದೇಬಿಹಾಳ ಠಾಣೆಯಲ್ಲಿ ಮುಂಜಾನೆಯ ಕಸ ಗುಡಿಸುವುದು ಇನ್ನೂ ಮುಗಿದಿರಲಿಲ್ಲ. ನಾಲತವಾಡದ ಅನಿಲ ಮೋಟರ್ ಸೈಕಲ್ಲನ್ನು ಅಂಗಳದಲ್ಲೇ ಕೆಡವಿ ಒಳಗೆ ನುಗ್ಗಿದ.

"ಸಾಹೇಬ್ರ, ನಮ್ಮಪ್ಪನ್ನ ಯಾರೋ ಕೊಂದಾರ್ರಿ."

ಪಿಎಸ್‌ಐ ಮಸೂತಿ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಯಾರು ನಿಮ್ಮಪ್ಪ?"

"ಗುರಪ್ಪ ಅಂತರಿ. ನೀರಿನ ಕಮಿಟಿ ಅಧ್ಯಕ್ಷರು."

ಮಸೂತಿ ಎದ್ದು ನಿಂತರು. ಗುರಪ್ಪನವರನ್ನು ಕೊಲ್ಲುವುದೆ? ಏರುದನಿಯಲ್ಲಿ ಮಾತಾಡಿದ್ದನ್ನೂ ಯಾರೂ ಕೇಳದ ಮನುಷ್ಯ! ಸಂಬಳವಿಲ್ಲ, ಸಾರಿಗೆ ಖರ್ಚಿಲ್ಲ. ಓಣಿಯ ಐದು ಜನ ತಮ್ಮ ಹೊಲಮನೆಯ ಕೆಲಸ ಬಿಟ್ಟು ನಡೆಸುತ್ತಿದ್ದ ಕಮಿಟಿ ಅದು. ಹೆಡ್ ಕಾನ್‌ಸ್ಟೇಬಲ್ ಬಂದಗಿಸಾಬ ಫಿರ್ಯಾದಿ ಬರೆದುಕೊಂಡು ಎಫ್‌ಐಆರ್ ದಾಖಲಿಸಿದರು. ಜೀಪು ನಾಲತವಾಡಕ್ಕೆ ಹೊರಟಿತು.

ಹೆಣ ಪಂಪ್‌ಹೌಸಿನ ಕಲ್ಲಿನ ಮೆಟ್ಟಿಲ ಬಳಿ ಅಂಗಾತ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಕಿಸೆಯ ದುಡ್ಡು, ಕೈಗಡಿಯಾರ ಇದ್ದಲ್ಲೇ ಇದ್ದವು. ಪಂಚರ ಮುಂದೆ ಪಂಚನಾಮೆ ನಡೆಯುವಾಗ ಬಂದಗಿಸಾಬ ಮೆಲ್ಲಗೆ ಅಂದರು: "ಸರ್, ತಲಿ ಬರೀದೈತಿ. ಟೊಪಗಿ ಇಲ್ಲದ ಇವರನ್ನ ನಾ ಒಮ್ಮೆನೂ ನೋಡಿಲ್ಲ."

ಗುರಪ್ಪನವರ ಹೆಂಡತಿ ಚನ್ನವ್ವ ಅಳುವ ಸ್ಥಿತಿಯನ್ನೂ ದಾಟಿ ಕೂತಿದ್ದಳು. "ಟೊಪಗಿ ಗೂಟಕ್ಕ ಐತ್ರಿ. ನಿನ್ನೆ ದೀಪಾ ಹಚ್ಚೂ ಹೊತ್ತಿನಾಗ, ಟ್ರಂಕಿನಾಗಿನ ಹಳದಿ ರುಮಾಲು ತಗದು ಕೊಡು ಅಂದ್ರು. ಲಗ್ನದಾಗ ಸುತ್ತಿದ್ದು. ಎಲ್ಲಿಗೆ ಅಂದ್ರ, ಬಂದು ಹೇಳ್ತೇನಿ ಅಂದ್ರು. ರಾತ್ರಿ ಬರಲಿಲ್ಲ; ನೀರು ಬಿಡಾಕ ಪಂಪ್‌ಹೌಸಿನ್ಯಾಗ ಉಳದಾರಂತ ತಿಳಕೊಂಡ್ವಿ."

ಮಸೂತಿ ಬಾಗೇವಾಡಿ ಕಡೆಯವರು; ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದುವೆ ಮುಂಜಿ ಇಲ್ಲದ ದಿನ ಹಿರಿಯನೊಬ್ಬ ರುಮಾಲು ಸುತ್ತಿಕೊಂಡನೆಂದರೆ, ಅದನ್ನು ಯಾರದೋ ಕಾಲ ಮೇಲಿಟ್ಟು ‘ತಪ್ಪಾತು’ ಅನ್ನಲು ಹೊರಟಿದ್ದಾನೆ. ಯಾರ ಕಾಲು ಎಂಬುದೂ ಊರಿಗೆಲ್ಲ ಗೊತ್ತಿದ್ದದ್ದೇ. ದೀಪಾವಳಿ ಮುಗಿದ ಮರುವಾರ ಕಮಿಟಿಯ ನಳದಲ್ಲಿ ಕರೆಂಟು ಹರಿದು ಗಾರೆ ಕೆಲಸದ ಗೌಂಡಿ ಮೀರಾಸಾಬನ ಹೆಂಡತಿ ರೋಷನಬಿ ಕೊಡ ಹಿಡಿದಲ್ಲೇ ಸತ್ತಿದ್ದಳು. ಮೀರಾಸಾಬ ಕಮಿಟಿಯ ಮೇಲೆ ಕೋರ್ಟಿಗೆ ಹೋಗಿದ್ದ.

ಅವನ ಮನೆಗೆ ಕಾಲಿಟ್ಟ ಮಸೂತಿ ಹೌಹಾರಿದರು. ಗೋಡೆಯ ಗೂಡಿನಲ್ಲಿ ಹಳದಿ ರುಮಾಲು ಒಪ್ಪವಾಗಿ ಕೂತಿತ್ತು.

"ಇದು ಇಲ್ಲಿ ಹೆಂಗ ಬಂತು?"

"ನಸುಕಿನ ಬಸ್ಸಿಗೆ ಸಿಂದಗಿಯಿಂದ ಬಂದೇನ್ರಿ. ಹೊಸ್ತಿಲ ಮ್ಯಾಲಿತ್ತು. ಹಿರೇರ ರುಮಾಲು ಕಾಲಾಗ ಬರಬಾರದಂತ ಎತ್ತಿಟ್ಟೆ. ಆಮ್ಯಾಲೆ ಸುದ್ದಿ ತಿಳೀತು. ಅಂಜಿ ಯಾರ ಮುಂದೂ ಬಾಯಿ ಬಿಡಲಿಲ್ಲ."

"ಗುರಪ್ಪನ ಮ್ಯಾಲೆ ಸಿಟ್ಟಿತ್ತೇನು?"

"ಇತ್ತರಿ. ನನ್ನ ಹೇಣ್ತಿ ಮಣ್ಣಿಗೆ ಐದು ಮಂದ್ಯಾಗ ಒಬ್ಬರೂ ಬರಲಿಲ್ಲ. ಒಬ್ಬರರ ಬಂದು ತಪ್ಪಾತು ಮೀರಾ ಅಂದಿದ್ರ, ನಾ ಕೋರ್ಟಿನ ಪಾವಟಿಗಿ ಹತ್ತತಿದ್ದಿಲ್ಲ."

ಸಿಂದಗಿ ಠಾಣೆಗೆ ಫೋನ್ ಹೋಯಿತು. ಮೀರಾಸಾಬ ರಾತ್ರಿಯೆಲ್ಲ ಅಲ್ಲಿ ಕೆಲಸದ ಜಾಗದಲ್ಲೇ ಮಲಗಿದ್ದು ಖಾತ್ರಿಯಾಯಿತು. ಕಾಲ ಮೇಲಿಡಬೇಕಾದ ರುಮಾಲನ್ನು ಗುರಪ್ಪನವರು ಕೀಲಿ ಹಾಕಿದ ಮನೆಯ ಹೊಸ್ತಿಲಲ್ಲಿ ಬಿಟ್ಟು ಹೋಗುವವರಲ್ಲ. ಹಾಗಾದರೆ ಅದನ್ನು ತಂದಿಟ್ಟವನೇ ಗುರಪ್ಪನವರ ಕೊನೆ ಕಂಡವನು. ಮಸೂತಿ ಅದನ್ನು ಜಪ್ತಿ ಮಾಡಿ, ಚನ್ನವ್ವನಿಗೂ ಮೀರಾಸಾಬನಿಗೂ ರುಮಾಲಿನ ಸುದ್ದಿ ಹೊರಗೆ ಹೋಗಕೂಡದೆಂದು ತಾಕೀತು ಮಾಡಿದರು.

ಕಮಿಟಿಯ ಉಳಿದ ನಾಲ್ವರನ್ನು ಒಬ್ಬೊಬ್ಬರಾಗಿ ಕರೆಸಿದರು. ಮೊದಲು ಬಂದವಳು ಇಂದ್ರಾಬಾಯಿ.

"ಮಣ್ಣಿಗೆ ಯಾಕ ಹೋಗಲಿಲ್ಲ?"

"ವಿಮಾ ಐತ್ರಿ. ಊರ ಸೇವಾ ಮಾಡೋರ ಮ್ಯಾಲೆ ಯಾರರ ದಾವಾ ಹಾಕಿದ್ರ ವಕೀಲರ ಖರ್ಚು, ಪರಿಹಾರ ಎಲ್ಲಾ ಕಂಪನಿ ಕೊಡತೈತಿ. ಆದ್ರ ತಪ್ಪೊಪ್ಪಿಗೆ ಕೊಡಬಾರದಂತ ಕರಾರು. ಹೋದ ಕೂಡಲೆ ಬಾಯಾಗ ತಪ್ಪಾತು ಅಂತ ಬರತೈತಲ್ರಿ. ಅದಕ್ಕ ಹೋಗಬ್ಯಾಡ್ರಿ ಅಂತ ನಮ್ಮ ಕಾರ್ಯದರ್ಶಿ ಯಂಕಪ್ಪ ಎಲ್ಲಾರಿಗೂ ಹೇಳಿದ್ದ."

ಸೋಮವಾರ ಗುರಪ್ಪನವರ ತಲೆಯ ಮೇಲೆ ಏನಿತ್ತು ಎಂಬ ಪ್ರಶ್ನೆಗೆ ಮೂವರೂ ಟೊಪಗಿ ಎಂದರು. ಕೊನೆಗೆ ಬಂದವನು ಕಾರ್ಯದರ್ಶಿ ಯಂಕಪ್ಪ, ಗುರಪ್ಪನವರ ಶಾಲೆಯ ಗೆಳೆಯ. ಅತ್ತು ಅತ್ತು ಅವನ ಕಣ್ಣು ಬಾತಿದ್ದವು.

"ಕಡೀಕ ಯಾವಾಗ ನೋಡಿದ್ರಿ?"

"ನಿನ್ನೆ ಮುಂಜಾನಿ, ಚಾದಂಗಡ್ಯಾಗ. ಆಮ್ಯಾಲೆ ಇಲ್ಲರಿ."

"ಮೈಮ್ಯಾಲೆ ಏನಿತ್ತು?"

"ಬಿಳೇ ಧೋತರ, ಹಳದಿ ರುಮಾಲು."

ಬಂದಗಿಸಾಬರ ಪೆನ್ನು ನಿಂತಿತು.

"ರುಮಾಲು ಟ್ರಂಕಿನಿಂದ ಹೊರಗ ಬಂದದ್ದ ಸಂಜೀಕ, ಯಂಕಪ್ಪ," ಎಂದರು ಮಸೂತಿ.

ಯಂಕಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ.

"ಹೋಗಬ್ಯಾಡೋ ಅಂದೆ. ನಿನ್ನ ಒಂದು ಮಾತಿಗೆ ವಿಮಾ ಮುರದ್ರ ನಮ್ಮ ಐದೂ ಮನಿ ಜಪ್ತಿ ಆಗತಾವು ಅಂದೆ. ಆಕಿ ಸತ್ತದ್ದು ನನ್ನ ನಳದಾಗ, ನಿನ್ನ ವಿಮಾ ನೀ ಇಟಗೋ ಅಂದ. ರುಮಾಲು ಹಿಡದು ಜಗ್ಗಿದೆ. ಬಿಚ್ಚಿ ಕೈಯಾಗ ಬಂತು. ಅವಾ ಹಿಂದಕ್ಕ ಮೆಟ್ಟಿಲ ಮ್ಯಾಲೆ ಬಿದ್ದ."

"ಆಗಲೇ ಜೀವ ಹೋಗಿತ್ತೇನು?"

"ಇಲ್ಲರಿ. ನೀರು ಅಂದ."

ಮಸೂತಿಗೆ ತಾವು ಕೇಳಿದ್ದು ಸರಿಯೇ ಎಂಬ ಅನುಮಾನ ಬಂತು. ಊರಿಗೆ ನೀರು ಬಿಡುವ ಮನುಷ್ಯ, ಪಂಪ್‌ಹೌಸಿನ ಬಾಗಿಲಲ್ಲಿ!

"ಮಂದಿ ಯಾಕ ಕರೀಲಿಲ್ಲ?"

"ಕರದ್ರ, ರುಮಾಲು ಸುತಗೊಂಡು ಎಲ್ಲಿಗೆ ಹೊಂಟಿದ್ದ ಅಂತ ಕೇಳತಿದ್ರು."

"ಮತ್ತ ರುಮಾಲು ಅಲ್ಲಿ ಯಾಕ ಇಟ್ಟಿ?"

"ಕೈಯಾಗ ಉಳದಿತ್ತರಿ. ಅವನ ಕೆಲಸ ಅಷ್ಟರ ಆಗಲಿ ಅಂತ. ಮನಿಗೆ ಕೀಲಿ ಇತ್ತು. ಮೀರಾ ಇದ್ದಿದ್ರ ಇಡಾಕ ನನಗ ಧೈರ್ಯ ಆಗತಿದ್ದಿಲ್ಲ."

ಅಂದೇ ಸಂಜೆ ಯಂಕಪ್ಪನನ್ನು ದಸ್ತಗಿರಿ ಮಾಡಿದರು. ಮರುದಿನ ಮಸೂತಿ ವಿಮಾ ಕಂಪನಿಯ ಕಚೇರಿಗೆ ಫೋನ್ ಮಾಡಿ ಆ ಕರಾರಿನ ಅರ್ಥ ಕೇಳಿದರು.

"ದಾವೆಯಲ್ಲಿ ಹೊಣೆ ಒಪ್ಪಿ ಬರೆದುಕೊಡಬಾರದು, ಅಷ್ಟೇ ಸರ್," ಎಂದ ಅಧಿಕಾರಿ. "ಸತ್ತವರ ಮನೆಗೆ ಹೋಗಬೇಡಿ, ನೊಂದುಕೊಳ್ಳಬೇಡಿ ಅಂತ ಯಾರು ಹೇಳಿದರು? ನಮ್ಮನ್ನು ಒಬ್ಬರೂ ಕೇಳಲಿಲ್ಲವಲ್ಲ."

ಮಸೂತಿ ರಿಸೀವರ್ ಇಟ್ಟರು. ಮನೆ ಹೋದೀತೆಂಬ ಅಂಜಿಕೆಯೇ ಯಂಕಪ್ಪನ ಕೈಯಿಂದ ರುಮಾಲು ಜಗ್ಗಿಸಿತ್ತು; ಮನೆಗೆ ಕುತ್ತೇ ಇರಲಿಲ್ಲ.

ಬಾಗಿಲಲ್ಲಿ ಮೀರಾಸಾಬ ನಿಂತಿದ್ದ. "ದಾವಾ ವಾಪಸ್ ತಗೋತೇನ್ರಿ. ಕೇಸ್ ಮುಗದ ಮ್ಯಾಲೆ ಆ ರುಮಾಲು ಯಾರಿಗೆ ಕೊಡ್ತೀರಿ?"

"ಚನ್ನವ್ವಗ. ಅವರ ಮನೀದದು."

"ಅವರ ಮನೀದು, ಖರೇನರಿ." ಮೀರಾಸಾಬ ಹೊರಡಲು ತಿರುಗಿ ಅಲ್ಲೇ ನಿಂತ. "ಆದ್ರ ಬಂದದ್ದು ನಮ್ಮ ಮನಿಗೆ."