ಇಪ್ಪತ್ತನೇ ಗಂಟು

ಆಕಾಶದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಏಳುಗುಡ್ಡ ಅಂತ ಒಂದು ರಾಜ್ಯ ಇತ್ತು. ಈಗ ಹೋಗಿ ಎಣಿಸಿದರೆ ಆರೇ ಗುಡ್ಡ. ಏಳನೆಯದು ಎಲ್ಲಿ ಹೋಯಿತು ಅಂತೀರಾ? ಅದನ್ನೇ ಹೇಳೋಕೆ ಕೂತಿದ್ದೀನಿ, ಸ್ವಲ್ಪ ತಾಳಿ.

ಕರಿಗಂಟ ಅಂತ ಒಬ್ಬ ಮಾಂತ್ರಿಕ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಹಿಂಡೋದು. ಬೇಡದವರನ್ನು ಹಿಂಡಿ ಮಣಿ ಮಾಡಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಏಳನೇ ಗುಡ್ಡವನ್ನೇ ಹಿಂಡಿದ, ಹಿಂಡಿದ, ಹಿಂಡಿದ. ಗುಡ್ಡ ಸಾಸಿವೆ ಕಾಳಿಗಿಂತ ಸಣ್ಣದಾಯಿತು. ಭಾರ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅದರ ಸುತ್ತ ಒಂದು ಕಪ್ಪು ಕುಳಿ ಆಯಿತು. ಕಲ್ಲು ಹಾಕಿದರೆ ಸದ್ದಿಲ್ಲ, ದೀಪ ಬಿಟ್ಟರೆ ಬೆಳಕಿಲ್ಲ.

"ಏನಾಗಿದೆ ನೋಡಿ ಬಾ" ಅಂತ ರಾಜ, ಕೆಂಚ ಅನ್ನೋ ಹುಡುಗನನ್ನು ಕಳಿಸಿದ. ಕೆಂಚನಿಗೆ ಆಗ ಇಪ್ಪತ್ತು ವರ್ಷ. ಬಾವಿಗೆ ಬಿದ್ದ ಕೊಡಗಳನ್ನು ಪಾತಾಳಗರಡಿ ಬಿಟ್ಟು ಎತ್ತೋದು ಅವನ ಮನೆತನದ ಕೆಲಸ. ಪಾತಾಳಗರಡಿ ಅಂದರೆ ಹಗ್ಗದ ತುದಿಗೆ ಕಟ್ಟಿದ ಕೊಕ್ಕೆಗಳ ಗೊಂಚಲು. ಆ ಮನೆಯವರು ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ಇಳಿಸುವಾಗ ಒಂದೊಂದನ್ನೂ ಕೂಗಿ ಎಣಿಸಬೇಕು. ಅವಸರದ ಕೆಂಚ ಗಂಟಿಲ್ಲದ ಹಗ್ಗ ಕಟ್ಟಿಕೊಂಡು ಇಳಿದ. ಎಷ್ಟು ಇಳಿದ ಅಂತ ಯಾರಿಗೂ ಗೊತ್ತಾಗಲಿಲ್ಲ. ಹಗ್ಗ ತುಂಡಾಗಿ, ಕೆಳಗೆ ಚಾಚಿದ್ದ ಒಂದು ಬಂಡೆಯ ಮೇಲೆ ನಿಂತುಬಿಟ್ಟ. ಬಗ್ಗಿ ನೋಡಿದರೆ ಮಂಕಾಗಿ, ಕೆಂಪಾಗಿ, ಅಲುಗಾಡದೆ ಕಾಣುತ್ತಿದ್ದ. ಸತ್ತ ಅಂದುಕೊಂಡು ಊರವರು ತಿಥಿ ಮಾಡಿದರು. ಎಂಟು ವರ್ಷದ ತಂಗಿ ಈರಿ ಮಾತ್ರ ಆ ಊಟ ಮುಟ್ಟಲಿಲ್ಲ.

ಇಪ್ಪತ್ತು ವರ್ಷ ಕಳೆಯಿತು. ಮನೆತನದ ಕೆಲಸ ಕಲಿತ ಈರಿ ಕುಳಿಯ ಹತ್ತಿರ ಬಂದಳು. ಕರಿಗಂಟ ಅಲ್ಲೇ ಕೂತಿದ್ದ.

"ಮೂರು ಸಲ ಏನು ಬೇಕಾದ್ರೂ ಇಳಿಸು. ಒಳಗಿಂದ ಒಂದು ಎಳೆ ಬೆಳಕು ತಂದ್ರೆ ನಿನ್ನ ಅಣ್ಣ ನಿನಗೆ. ಇಲ್ದಿದ್ರೆ ನೀನೂ ನನ್ನ ಚೀಲಕ್ಕೆ" ಅಂದ.

ಮೊದಲು ಈರಿ ಪಾತಾಳಗರಡಿ ಬಿಟ್ಟಳು. "ಒಂದೂ, ಎರಡೂ..." ಇಪ್ಪತ್ತೊಂದು ಅನ್ನುವಾಗ ಹಗ್ಗ ಹಗುರವಾಯಿತು. ಎಳೆದರೆ ಬಂದದ್ದು ಇಪ್ಪತ್ತೇ ಗಂಟು. ಸರಿ, ಇಪ್ಪತ್ತರ ತನಕ ಇಳಿದದ್ದು ವಾಪಸು ಬರುತ್ತೆ ಅಂತ ನೆನಪಿಟ್ಟುಕೊಂಡಳು.

ಎರಡನೇ ಸಲ ತಾನು ಸಾಕಿದ ಗಾಳಿಗಿಡುಗವನ್ನು ಕಳಿಸಿದಳು. ಅದು ಮಾತಾಡುವ ಹಕ್ಕಿ, ಬಿರುಗಾಳಿಗಿಂತ ಜೋರು. ಬಾಲದ ಗರಿ ಕಳಕೊಂಡು ಏದುಸಿರು ಬಿಡುತ್ತ ವಾಪಸು ಬಂತು.

"ಒಳಗೆ ಹೋಗಲಿಲ್ಲ ಕಣಮ್ಮ, ಹೋಗಿದ್ರೆ ಬರ್ತಿರಲಿಲ್ಲ. ಮೇಲಕ್ಕೆ ಎಸೆದ ಕಲ್ಲು ಬೀಳುತ್ತೆ. ಭಾರೀ ಜೋರಾಗಿ ಎಸೆದ್ರೆ ಭೂಮಿ ಬಿಟ್ಟೇ ಹೋಗುತ್ತೆ. ಇಲ್ಲಿ ಅಷ್ಟೊಂದು ಭಾರ ಇಷ್ಟೇ ಇಷ್ಟು ಜಾಗದಲ್ಲಿದೆ. ತಪ್ಪಿಸ್ಕೊಳ್ಳೋಕೆ ಬೇಕಾದ ಜೋರು ಬೆಳಕಿಗೂ ಇಲ್ಲ. ಬೆಳಕಿಗಿಂತ ಜೋರಾಗಿ ಓಡೋರು ಯಾರಿದ್ದಾರೆ ಹೇಳು?"

"ಅಡ್ಡ ಗೋಡೆ ಇದೆಯಾ?"

"ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಕಾಣದ ದಡ ಒಂದಿದೆ, ಅದನ್ನ ದಾಟಿದ್ರೆ ಯಾವ ಕಡೆ ತಿರುಗಿದ್ರೂ ಅದು ಕೆಳಗೇ."

ಈರಿ ಮತ್ತೆ ಬಗ್ಗಿ ನೋಡಿದಳು. ಅಣ್ಣ ಕಾಣುತ್ತಿದ್ದ. ಕಾಣ್ತಿದಾನೆ ಅಂದ್ರೆ ಅವನ ಮೈಮೇಲಿನ ಬೆಳಕು ಹೊರಗೆ ಬರ್ತಿದೆ. ಹಾಗಿದ್ರೆ ಅವನು ಇನ್ನೂ ಈಚೆಗೇ ಇದಾನೆ.

ಮೂರನೇ ಸಲ ಹೊಸ ಕೊಕ್ಕೆಗಳ ಜೊತೆ ಒಂದು ದೀಪ ಕಟ್ಟಿ ಇಳಿಸಿದಳು. ಹತ್ತನೇ ಗಂಟಿಗೆ ದೀಪ ಹಳದಿ, ಹದಿನೈದಕ್ಕೆ ಕೆಂಪು, ಇಪ್ಪತ್ತಕ್ಕೆ ಆರುವ ಕೆಂಡ. ಅಲ್ಲೇ ಕೈ ನಿಲ್ಲಿಸಿದಳು. ಅಷ್ಟು ಆಳದಲ್ಲಿ ಹೊತ್ತು ತೆವಳುತ್ತೆ, ಮೇಲಿನ ಒಂದು ದಿನ ಅಲ್ಲಿ ಒಂದು ಗಳಿಗೆಯೂ ಅಲ್ಲ. ಒಂಬತ್ತು ದಿನ ಹಗ್ಗ ಹಿಡಿದು ನಿಂತ ಮೇಲೆ ಕೊಕ್ಕೆ ಕೆಂಚನ ಸೊಂಟದ ಪಟ್ಟಿಗೆ ಸಿಕ್ಕಿತು. ಈರಿ ಎಳೆಯತೊಡಗಿದಳು.

"ಮೋಸ! ಅದು ಒಳಗಿನ ಬೆಳಕಲ್ಲ, ದಡದ್ದು" ಅಂತ ಕರಿಗಂಟ ಕೂಗಿದ.

"ಒಳಗಿಂದು ಯಾವತ್ತೂ ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಸ್ವಾಮಿ. ಆದ್ರೆ ದಡ ಎಲ್ಲಿದೆ ಅಂತ ಎಣಿಸಿದ್ದೀರಾ?"

"ನಾನು ಮಾಡಿದ ಕುಳಿ, ನಾನು ಎಣಿಸಬೇಕಾ?" ಅಂತ ಕರಿಗಂಟ, ಹಗ್ಗದಿಂದ ಕೆಂಚನನ್ನು ಕಿತ್ತುಕೊಳ್ಳೋಕೆ ಕೆಳಕ್ಕೆ ನೆಗೆದ. ನೋಡನೋಡುತ್ತಿದ್ದ ಹಾಗೆ ಕೆಂಪಾದ, ಮಂಕಾದ, ಆಮೇಲೆ ಇಲ್ಲ. ಮೇಲೆ ಅವನು ಕೂತಿದ್ದ ಜಾಗದಲ್ಲಿ ಉಳಿದಿದ್ದ ಚೀಲ ಬಿಚ್ಚಿಕೊಂಡು ಮಣಿಗಳೆಲ್ಲ ಮತ್ತೆ ಮನುಷ್ಯರಾಗಿ ಎದ್ದು ಮೈ ಮುರಿದರು.

ಮೇಲೆ ಬಂದ ಕೆಂಚ ಹಾಗೇ ಇಪ್ಪತ್ತರ ಹುಡುಗ. ಅವನ ಪಾಲಿಗೆ ಕಳೆದದ್ದು ಒಂದು ಮಧ್ಯಾಹ್ನ.

"ನಿಮ್ಮಿಂದ ಉಳಕೊಂಡೆ ಅಕ್ಕ. ನಾನು ಬೇಗ ಹೋಗ್ಬೇಕು, ಮನೇಲಿ ತಂಗಿ ಒಬ್ಬಳೇ ಇದಾಳೆ" ಅಂತ ಮಡಿಲಿಂದ ಅವಳಿಗೆ ಅಂತ ತಂದಿದ್ದ ಎರಡು ಗಾಜಿನ ಬಳೆ ತೆಗೆದು ನೋಡಿಕೊಂಡ. "ಸದ್ಯ, ಒಡೆದಿಲ್ಲ."

ಈರಿ ಒಂದು ಬಳೆ ತಗೊಂಡು ತನ್ನ ಕೈಗೆ ಏರಿಸಿದಳು. ಬಳೆ ನಾಲ್ಕು ಬೆರಳು ದಾಟಿ ಮುಂದಕ್ಕೆ ಹೋಗಲಿಲ್ಲ. ಕೆಂಚ ಆ ಕೈ ನೋಡಿದ, ಮುಖ ನೋಡಿದ.

"ಈರಿ?"

"ಹೂಂ ಅಣ್ಣ."

ಇಬ್ಬರೂ ಅಲ್ಲೇ ಕೂತು ಮನಸಾರೆ ಅತ್ತರು.

ರಾಜ ಕುಳಿಯ ಸುತ್ತ ದೂರಕ್ಕೆ ಕಟ್ಟೆ ಕಟ್ಟಿಸಿದ. ಕಟ್ಟೆಯ ಆಚೆ ಕುಳಿಯಿಂದ ಯಾರಿಗೂ ಅಪಾಯವಿಲ್ಲ. ಅಷ್ಟು ದೂರಕ್ಕೆ ಅದು ಎಳೆಯೋದು ಮೊದಲು ಗುಡ್ಡ ಎಳೆಯುತ್ತಿದ್ದಷ್ಟೇ. ಅಣ್ಣ, ಅಣ್ಣನಿಗಿಂತ ಎಂಟು ವರ್ಷ ದೊಡ್ಡವಳಾದ ತಂಗಿ, ಮಣಿಯಾಗಿದ್ದ ಮಂದಿ, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಆ ಬಳೆಗಳನ್ನು ಈರಿ ಹಗ್ಗದ ಇಪ್ಪತ್ತನೇ ಗಂಟಿಗೆ ಕಟ್ಟಿದಳು. ಈಗಲೂ ಆ ಮನೆಯವರು ಹಗ್ಗ ಇಳಿಸುವಾಗ ಬಳೆ ಸದ್ದಾದರೆ, ಒಂದು ಗಳಿಗೆ ಕೈ ನಿಲ್ಲಿಸುತ್ತಾರೆ.